ನೀಲವ್ವನ ಬಗ್ಗೆ ನಾನು ಬರೆದ ಎರಡು ವರದಿಗಳು

ನೌಕರಿಯಿಂದ ನಿವೃತ್ತಳಾಗಿ ಆರು ವರ್ಷವಾಯಿತು. ಯಾವ ವರ್ಷ ಯಾವ ಹುದ್ದೆಗೇರಿದೆ, ಯಾವ ಊರಿಗೆ ವರ್ಗವಾಯಿತು ಎಂಬುದೆಲ್ಲ ಪಿಂಚಣಿಯ ಕಾಗದಪತ್ರಗಳಲ್ಲಿದೆ, ಬೇಕಾದವರು ನೋಡಿಕೊಳ್ಳಲಿ. ಅದನ್ನು ಇಲ್ಲಿ ಬರೆದು ಯಾರ ಹೊತ್ತನ್ನೂ ಹಾಳು ಮಾಡುವುದಿಲ್ಲ. ಹೋದ ತಿಂಗಳು ಸಮಾಜಕಾರ್ಯ ಓದುತ್ತಿರುವ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಕೈಯಲ್ಲಿ ಅಚ್ಚು ಹಾಕಿಸಿದ ಪ್ರಶ್ನೆಪಟ್ಟಿ. "ನಿಮ್ಮ ವೃತ್ತಿಯಲ್ಲಿ ನೀವು ಮಾಡಿದ ದೊಡ್ಡ ಕೆಲಸ ಯಾವುದು?" ಎಂದು ಒಬ್ಬಳು ಕೇಳಿದಳು. "ಒಂದು ವರದಿಯನ್ನು ಹಿಂದಕ್ಕೆ ತೆಗೆದುಕೊಂಡದ್ದು" ಎಂದೆ. ಅವಳು ಸಣ್ಣಗೆ ನಕ್ಕು ಮುಂದಿನ ಪ್ರಶ್ನೆಗೆ ಹೋದಳು. ಚಾಷ್ಟಿ ಮಾಡುತ್ತಿದ್ದೇನೆ ಎಂದುಕೊಂಡಳೋ ಏನೋ. ಅವಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ರಾಣೆಬೆನ್ನೂರಿನವಳು. ತಂದೆ ಅಲ್ಲಿ ಕನ್ನಡ ಶಾಲೆಯ ಮಾಸ್ತರರು. ಧಾರವಾಡದಲ್ಲಿ ಬಿ.ಎ. ಮುಗಿಸಿದ ಮೇಲೆ, ಮುಂಬಯಿಯಲ್ಲಿ ಸಮಾಜಕಾರ್ಯವನ್ನು ಎರಡು ವರ್ಷ ಕಲಿಸುವ ಒಂದು ಕಾಲೇಜು ಇದೆ ಎಂದು ಪತ್ರಿಕೆಯಲ್ಲಿ ಓದಿ, ಮನೆಯಲ್ಲಿ ಯಾರಿಗೂ ಹೇಳದೆ ಅರ್ಜಿ ಹಾಕಿದೆ. ಕರೆ ಬಂದಾಗ ಹೇಳಲೇಬೇಕಾಯಿತು. ಕಾಲೇಜಿನವರು ಕೊಡುತ್ತಿದ್ದುದು ಡಿಪ್ಲೊಮಾ. ನಮ್ಮೂರಲ್ಲಿ ಎಲ್ಲರೂ ಅದನ್ನು ಡಿಗ್ರಿ ಎಂದೇ ಕರೆದರು, ನಾನೂ ತಿದ್ದಲು ಹೋಗಲಿಲ್ಲ.

ಅವ್ವನಿಗೆ ಮಾತ್ರ ಅದು ಯಾತರ ಓದು ಎಂಬುದೇ ಬಗೆಹರಿಯಲಿಲ್ಲ.

"ನೀರು ಬೇಡಿದವರಿಗೆ ನೀರು ಕೊಡೂದು, ಬ್ಯಾನಿ ಬಿದ್ದವರ ಹತ್ರ ಕೂಡೂದು. ಇದನ್ನ ಕಲಸಲಿಕ್ಕೆ ಎರಡು ವರ್ಷ ಏನ್ ಮಾಡತಾರ ಅವರು?" ಎಂದು ಕೇಳಿದಳು.

ತಂದೆ ಕನ್ನಡಕ ಒರೆಸುತ್ತ, "ಹೋಗಲಿ ಬಿಡು. ಅಕೀಗೆ ಕಲಸಲಿಕ್ಕೆ ಮೂರು ವರ್ಷನ ಬೇಕಾಗತದ" ಎಂದರು. ಒಪ್ಪಿಗೆ ಸಿಕ್ಕದ್ದು ಹಾಗೆ. ಅವರ ಆ ತಮಾಷೆಯ ಹಿಂದೆ ಎಷ್ಟು ಧೈರ್ಯವಿತ್ತು ಎಂಬುದು ನನಗೆ ತಿಳಿಯಲು ಬಹಳ ಕಾಲ ಬೇಕಾಯಿತು. ಮದುವೆಯಾಗದ ಮಗಳನ್ನು ಆ ಕಾಲದಲ್ಲಿ, ಅದೂ ಎರಡನೆಯ ಮಹಾಯುದ್ಧ ನಡೆದಿದ್ದಾಗ, ಮುಂಬಯಿಗೆ ಕಳಿಸಿದ್ದಕ್ಕೆ ಅವರು ಊರಲ್ಲಿ ಎಷ್ಟು ಜನರಿಗೆ ಉತ್ತರ ಕೊಟ್ಟರೋ, ನನಗೆ ಒಂದನ್ನೂ ಹೇಳಲಿಲ್ಲ.

ಮುಂಬಯಿಯಲ್ಲಿ ಬೆಳಿಗ್ಗೆ ತರಗತಿ, ಮಧ್ಯಾಹ್ನ ಚಾಳುಗಳಿಗೆ ಭೇಟಿ. ಗಿರಣಿ ಕೆಲಸಗಾರರ ಒಂದೊಂದು ಖೋಲಿಯಲ್ಲಿ ಎಂಟು ಹತ್ತು ಜನ. ಮನೆಯವರ ಸ್ಥಿತಿಗತಿ ಕೇಳಿ ಬರೆದುಕೊಂಡು ಬರುವುದು ನಮ್ಮ ಕೆಲಸ. ನಾನು ಮೊದಲ ವಾರವೇ ಒಂದು ಖೋಲಿಗೆ ಹೋಗಿ, ಹೊಸ್ತಿಲಲ್ಲೇ ಪೆನ್ಸಿಲ್ ತೆಗೆದು, ನನ್ನ ಹರಕುಮುರುಕು ಮರಾಠಿಯಲ್ಲಿ ಪ್ರಶ್ನೆ ಶುರು ಮಾಡಿದೆ. ಮನೆಯ ಯಜಮಾನ ಎಲ್ಲದಕ್ಕೂ ಹೌದು ಎಂದ. ಮಕ್ಕಳು ಶಾಲೆಗೆ ಹೋಗುತ್ತಾರಾ? ಹೌದು. ಮಕ್ಕಳು ಮನೆಯಲ್ಲೇ ಇರುತ್ತಾರಾ? ಹೌದು. ಕುಡಿಯುತ್ತೀರಾ? ಹೌದು. ಬಿಟ್ಟಿದ್ದೀರಾ? ಅದಕ್ಕೂ ಹೌದು. ಕೊನೆಗೆ ಅವನು ತೋಳಿನ ಅಂಗಿ ಮಡಚಿ ನನ್ನ ಮುಂದೆ ಹಿಡಿದ. ಸಿಡುಬು ಬರದಂತೆ ದೇವಿ ಹಾಕಲು ಬಂದವಳು ಎಂದು ತಿಳಿದು, ಲಗೂನೆ ಮುಗಿಯಲಿ ಎಂದು ಹೂಗುಟ್ಟುತ್ತಿದ್ದನಂತೆ.

ನಮ್ಮ ಕ್ಷೇತ್ರಕಾರ್ಯ ನೋಡಿಕೊಳ್ಳುತ್ತಿದ್ದವರು ಮಾಲತಿಬಾಯಿ ಎಂಬ ಮರಾಠಿ ಹೆಂಗಸು. ತೆಳ್ಳಗೆ, ಸದಾ ಬಿಳಿ ಸೀರೆ, ಮಾತು ಕಡಿಮೆ. ನನ್ನ ಆ ವರದಿಯನ್ನು ಓದಿ ನಗಲೂ ಇಲ್ಲ, ಬಯ್ಯಲೂ ಇಲ್ಲ. "ಮನೆಯೊಳಗೆ ಪೆನ್ಸಿಲ್ ತೆಗೆಯಬೇಡ. ಹೊರಗೆ ಬಂದು ಬರೆ. ಮರೆತುಹೋಗುವುದು ಬೇಡದ್ದೇ ಇರುತ್ತದೆ" ಎಂದಷ್ಟೇ ಹೇಳಿದರು. ಅದರ ಮೊದಲರ್ಧವನ್ನು ನಾನು ಸರಿಯಾಗಿ ಪಾಲಿಸಿದೆ. ಏನು ಬೇಕು, ಏನು ಬೇಡ ಎಂಬುದನ್ನು ನಾನೇ ತೀರ್ಮಾನಿಸಬಲ್ಲೆ ಎಂಬ ಧಿಮಾಕು ಮಾತ್ರ ಹೋಗಲಿಲ್ಲ.

ಎರಡನೆಯ ವರ್ಷ ಪ್ರತಿಯೊಬ್ಬರೂ ಒಂದು ಊರಿನಲ್ಲಿದ್ದು ಕೆಲಸ ಮಾಡಿ ಪ್ರಬಂಧ ಬರೆಯಬೇಕು. ನಿಮ್ಮ ನಿಮ್ಮ ಸೀಮೆಗೆ ಹೋಗಿ, ನಿಮ್ಮ ಭಾಷೆಯಲ್ಲಿ ಕೆಲಸ ಮಾಡಿ ಎಂದರು. ನನಗೆ ಹಾವೇರಿಯಲ್ಲಿ ಊರಿನ ಪ್ರಮುಖರು ಕೂಡಿ ನಡೆಸುತ್ತಿದ್ದ ಅನಾಥ ಮಕ್ಕಳ ಮನೆಯೊಂದನ್ನು ಗೊತ್ತು ಮಾಡಿದರು. ಅದರ ಕಾರ್ಯದರ್ಶಿ ಗುಂಡೂರಾಯರು ಎಂಬ ವಕೀಲರು. ದೊಡ್ಡ ದನಿ, ದೊಡ್ಡ ಮನಸ್ಸು, ಕೆಲಸದಲ್ಲಿ ಅವಸರ. ನಾನು ರಾಣೆಬೆನ್ನೂರಿನ ಮನೆಯಲ್ಲೇ ಇದ್ದು ದಿನಾ ರೈಲಿನಲ್ಲಿ ಓಡಾಡುವುದೆಂದಾಯಿತು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಒಂದೇ ದಾರಿಯ ಸ್ಟೇಶನ್ನುಗಳು. ಮಾಸಿಕ ಪಾಸು ಇಟ್ಟುಕೊಂಡು ಬೇಕಾದಲ್ಲಿ ಇಳಿಯುತ್ತಿದ್ದೆ. ಸಮಾಜಕಾರ್ಯ ಕಲಿತ ಹೆಣ್ಣುಮಗಳನ್ನು ರಾಯರು ಮೊದಲ ಸಲ ನೋಡಿದ್ದು. ಬಂದವರಿಗೆಲ್ಲ ನನ್ನನ್ನು ತೋರಿಸಿ, "ಮುಂಬಯಿ ಡಿಗ್ರಿ. ಇನ್ನ ನಮ್ಮ ಸಂಸ್ಥಾದ ಕೆಲಸ ಎಲ್ಲಾ ಶಾಸ್ತ್ರೋಕ್ತ" ಎನ್ನುತ್ತಿದ್ದರು. ಡಿಗ್ರಿ ಇನ್ನೂ ಬಂದಿಲ್ಲ ಎಂದು ನಾನು ಪ್ರತಿ ಸಲವೂ ಹೇಳಲಿಲ್ಲ.

ಬ್ಯಾಡಗಿಯ ಪ್ರಕರಣ ನನ್ನ ಕೈಗೆ ಬಂದದ್ದು ಒಂದು ಪತ್ರದಿಂದ. ಅಲ್ಲಿಯ ಗೃಹಸ್ಥರೊಬ್ಬರು ಬರೆದಿದ್ದರು: ನೀಲವ್ವ ಎಂಬ ವಿಧವೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾಳೆ, ಒಂದೂವರೆ ವರ್ಷದ ಹೆಣ್ಣುಕೂಸನ್ನು ಕಣ್ಣೆತ್ತಿ ನೋಡುವುದಿಲ್ಲ, ಪಕ್ಕದ ಮನೆಯ ಮುದುಕಿ ನೋಡಿಕೊಳ್ಳುತ್ತಾಳೆ, ಸಂಸ್ಥೆಯವರು ಆ ಕೂಸಿಗೆ ಒಂದು ದಾರಿ ಮಾಡಬೇಕು. ರಾಯರು ಪತ್ರವನ್ನು ನನ್ನ ಮುಂದಿಟ್ಟು, "ನೀ ನೋಡಿ ಬಾ ತಂಗಿ. ನೀ ಏನ್ ಬರೀತೀಯೋ ಅದರ ಮ್ಯಾಲೆ ನಾವು ಠರಾವು ಮಾಡತೇವಿ" ಎಂದರು. ನನಗೆ ಇಪ್ಪತ್ತೆರಡು ವರ್ಷ. ಒಂದು ಕೂಸು ಎಲ್ಲಿ ಬೆಳೆಯಬೇಕು ಎಂಬುದು ನಾನು ಬರೆಯುವ ಎರಡು ಹಾಳೆಯ ಮೇಲೆ ನಿಂತಿತ್ತು. ಆಗ ನನಗಾದದ್ದು ಹೆದರಿಕೆಯಲ್ಲ, ಹೆಮ್ಮೆ. ಈಗ ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮೂರು ಸಲ ಹೋದೆ. ಒಂದೇ ಭೇಟಿಯಿಂದ ತೀರ್ಮಾನ ಮಾಡಬಾರದು ಎಂದು ಪಾಠದಲ್ಲಿತ್ತು. ಮೂರು ಸಲವೂ ಮಧ್ಯಾಹ್ನದ ಗಾಡಿಗೆ ಬ್ಯಾಡಗಿಗೆ ಇಳಿದು, ಪಕ್ಕದ ಮನೆಯ ಹುಸೇನಬಿಯ ಜಗಲಿಯಲ್ಲಿ ಕುಳಿತು, ಐದರ ಸುಮಾರಿಗೆ ನೀಲವ್ವ ಕೆಲಸದಿಂದ ಬಂದ ಮೇಲೆ ಅವಳನ್ನು ನೋಡಿ, ಆರರ ಗಾಡಿಗೆ ಸ್ಟೇಶನ್ನಿಗೆ ಓಡುತ್ತಿದ್ದೆ. ಕೂಸಿನ ಹೆಸರು ಗೌರವ್ವ. ಗುಂಗುರು ಕೂದಲು, ಎಣ್ಣೆ ಹಚ್ಚಿ ಬಾಚಿದ ತಲೆ, ಸೊಂಟಕ್ಕೆ ಕರಿದಾರ. ಹುಸೇನಬಿಗೆ ಅರವತ್ತು ದಾಟಿತ್ತು. ನೀಲವ್ವ ಅವಳನ್ನು ಆಯಿ ಎನ್ನುತ್ತಿದ್ದಳು. ನನ್ನ ಪಟ್ಟಿಯ ಪ್ರಶ್ನೆಗಳನ್ನು ಅವಳಿಗೇ ಕೇಳಿದೆ.

"ಕೂಸಿಗೆ ಉಣಸವ್ರು ಯಾರು?"

"ನಾನ ರೀ ಅಕ್ಕೋರ."

"ನೀರು ಎರೆಯೋರು?"

"ನಾನ."

"ಹಗಲೆಲ್ಲಾ ಯಾರ ಹತ್ರ ಇರತೈತಿ?"

"ನನ್ನ ಹತ್ರ. ಮತ್ತೆಲ್ಲಿ ಇರಬೇಕ್ರಿ?"

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ; ಪುಸ್ತಕ ಹಿಡಿದು ಬಂದ ನಾನೂ ಅಕ್ಕೋರಾದೆ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಡಬೇಕೆಂಬ ಮರ್ಯಾದೆ ಹುಸೇನಬಿಗೆ ಇತ್ತು.

ಐದಕ್ಕೆ ನೀಲವ್ವ ಬಂದಳು. ಇಪ್ಪತ್ತರ ಆಸುಪಾಸಿನ ಎತ್ತರದ ಹೆಂಗಸು. ಸೀರೆ, ಹುಬ್ಬು, ರೆಪ್ಪೆ ಎಲ್ಲದರ ಮೇಲೂ ಕೆಂಪು ಧೂಳು. ಅವಳನ್ನು ಕಂಡದ್ದೇ ಗೌರವ್ವ ಎರಡೂ ಕೈ ಚಾಚಿ ತಪ್ಪು ಹೆಜ್ಜೆ ಹಾಕುತ್ತ ಓಡಿತು. ನೀಲವ್ವ ಎರಡು ಹೆಜ್ಜೆ ಹಿಂದೆ ಸರಿದು, "ಏ, ಸರಿ ಆ ಕಡೆ! ಆಯೀ, ಹಿಡಕೊ ಇದನ್ನ" ಎಂದು ಗದರಿದಳು. ಕೂಸು ಸೀರೆಗೆ ಜೋತು ಬೀಳಲು ಬಂದಾಗ ಮೊಣಕಾಲಿನಿಂದ ಮೆಲ್ಲಗೆ ತಡೆದಳು. ನಾನು ಬರೆಯುವಾಗ ಆ ಮೆಲ್ಲಗೆ ಎಂಬುದು ಬಿಟ್ಟುಹೋಯಿತು. ಕೂಸು ಕಿಟಾರನೆ ಕಿರುಚಿತು, ಹುಸೇನಬಿ ಎತ್ತಿಕೊಂಡು ಒಳಗೆ ಹೋದಳು, ನೀಲವ್ವ ಹಿತ್ತಲಿಗೆ ನಡೆದಳು. ಮೂರು ಸಲವೂ ಇದೇ.

ಮೂರನೆಯ ಸಲ ಅವಳನ್ನು ನಿಲ್ಲಿಸಿ ಕೇಳಿದೆ: "ಕೂಸು ಬಂದ್ರ ಯಾಕ ದೂಡತಿ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಅನ್ನ ಯಾಕೆ ಬೇಯಿಸುತ್ತೀ ಎಂದು ಕೇಳಿದ್ದರೆ ಹೇಗೆ ನೋಡುತ್ತಿದ್ದಳೋ ಹಾಗೆ. ಆಮೇಲೆ ತಲೆ ತಗ್ಗಿಸಿ, "ದಿನಾ ಹಿಂಗ ರೀ. ರೂಢಿ ಐತಿ" ಎಂದಳು.

ಗಾಡಿಗೆ ಹೊತ್ತಾಗಿತ್ತು. ಹೊರಗೆ ಬಂದು, ಮಾಲತಿಬಾಯಿ ಹೇಳಿಕೊಟ್ಟ ಹಾಗೆ, ರೈಲಿನಲ್ಲಿ ಕುಳಿತು ಬರೆದೆ: "ಮಗುವನ್ನು ದೂರ ಇಡುವುದು ತನ್ನ ರೂಢಿ ಎಂದು ತಾಯಿಯೇ ಒಪ್ಪಿಕೊಂಡಿದ್ದಾಳೆ. ಮೂರು ಭೇಟಿಗಳಲ್ಲಿ ಒಮ್ಮೆಯೂ ಮುಟ್ಟಲಿಲ್ಲ. ಮಮತೆಯ ಲಕ್ಷಣ ಕಾಣದು."

ಮೆಣಸಿನಕಾಯಿಯ ವಿಚಾರ ನನ್ನ ತಲೆಗೆ ಬರಲೇ ಇಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಆದರೆ ನಾನು ಈ ಸೀಮೆಯವಳು. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎಂದು ಮುಂಬಯಿಯ ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡವಳು. ಬೇರೆ ಸೀಮೆಯ ಖಾರದ ಕಾಯಿಯಾಗಿದ್ದರೆ ಅನುಮಾನ ಬರುತ್ತಿತ್ತೇನೋ. ನಮ್ಮ ಮನೆಯಲ್ಲಿ ಅವ್ವ ಹತ್ತು ಕಾಯಿ ಮುರಿದು ಒಗ್ಗರಣೆಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುವುದನ್ನು ನೋಡಿ ಬೆಳೆದ ನನಗೆ, ಇಡೀ ದಿನ ಆ ರಾಶಿಯ ನಡುವೆ ಕುಳಿತವಳ ಕೈ ಏನಾಗಿರುತ್ತದೆ ಎಂಬುದು ಗೊತ್ತಿರಲಿಲ್ಲ. ಬೇರೆ ಊರಿನವಳಾಗಿದ್ದರೆ ಕೇಳುತ್ತಿದ್ದೆ. ಗೊತ್ತಿದೆ ಎಂದುಕೊಂಡವಳು ಕೇಳುವುದಿಲ್ಲ.

ರಾಯರಿಗೆ ವರದಿ ಬಹಳ ಹಿಡಿಸಿತು. ಸಮಿತಿಯ ಮುಂದೆ ಗಟ್ಟಿಯಾಗಿ ಓದಿಸಿದರು. ಕೂಸಿಗೆ ಹದಿನಾರು ತುಂಬುವ ತನಕ ಸಂಸ್ಥೆಯೇ ಸಾಕುವುದೆಂದು ಠರಾವಾಯಿತು. ತಾಯಿಯ ಒಪ್ಪಿಗೆಗೆ ಒಂದು ಕಾಗದ ಸಿದ್ಧವಾಯಿತು. ಅದನ್ನು ತೆಗೆದುಕೊಂಡು, ಸಂಸ್ಥೆಯ ಆಯಾ ಶಿವಕ್ಕನನ್ನು ಕರೆದುಕೊಂಡು, ಒಂದು ಸೋಮವಾರ ಬೆಳಿಗ್ಗೆ ಬ್ಯಾಡಗಿಗೆ ಹೋದವಳು ನಾನೇ. ನೀಲವ್ವ ಕೆಲಸಕ್ಕೆ ಹೊರಡುವುದರಲ್ಲಿದ್ದಳು.

"ನಿನ್ನ ಮಗಳಿಗೆ ಛಲೋ ಆಗತೈತಿ. ಹಾವೇರ್ಯಾಗ ಎಲ್ಲಾ ವ್ಯವಸ್ಥಾ ಐತಿ" ಎಂದೆ.

ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು. "ಹಾಲು ಕೊಡತಾರೇನ್ರಿ?"

"ದಿನಾ ಎರಡು ಹೊತ್ತು ಕೊಡತಾರ."

ಹೆಬ್ಬೆಟ್ಟು ಒತ್ತಿದಳು. ಕೂಸನ್ನು ಶಿವಕ್ಕನ ಕಂಕುಳಿಗೆ ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಾಗದದಲ್ಲಿ ಏನಿದೆ ಎಂದು ನಾನು ಓದಿ ಹೇಳಲಿಲ್ಲ, ಅವಳು ಕೇಳಲಿಲ್ಲ. ಹುಸೇನಬಿ ಒಳಗಿಂದ ಹೊರಗೇ ಬರಲಿಲ್ಲ. ಅಂದಿನ ಟಿಪ್ಪಣಿಯಲ್ಲಿ "ತಾಯಿ ಅಳಲಿಲ್ಲ" ಎಂದು ಒಂದು ಸಾಲು ಸೇರಿಸಿದೆ.

ವರದಿಯ ಪ್ರತಿಯನ್ನು ಮುಂಬಯಿಗೂ ಕಳಿಸಿದ್ದೆ. ಮೆಚ್ಚುಗೆ ಬರುತ್ತದೆ ಎಂದು ಕಾದಿದ್ದೆ. ಬುಧವಾರ ಮಾಲತಿಬಾಯಿಯ ಕಾರ್ಡು ಬಂತು. ನಾಲ್ಕೇ ಸಾಲು. "ವರದಿ ನೋಡಿದೆ. ತಾಯಿ ಏನು ಮಾಡಲಿಲ್ಲ ಎಂದು ಬರೆದಿದ್ದೀಯ. ಅವಳು ಇಡೀ ದಿನ ಏನು ಮಾಡುತ್ತಾಳೆ ಎಂಬುದು ಇದರಲ್ಲಿಲ್ಲ. ಆ ಕೆಲಸದಲ್ಲಿ ಒಂದು ದಿನ ಕುಳಿತು ಬಾ. ಆಮೇಲೆ ಮುಂದಿನ ಹೆಜ್ಜೆ ಇಡಬಹುದು."

ಮುಂದಿನ ಹೆಜ್ಜೆ ಇಟ್ಟಾಗಿತ್ತು. ನನಗೆ ಸಿಟ್ಟು ಬಂತು. ಮುಂಬಯಿಯಲ್ಲಿ ಕುಳಿತು ಇವರಿಗೇನು ಗೊತ್ತು, ನಮ್ಮೂರ ಮೆಣಸಿನಕಾಯಿಯನ್ನು ನನಗೆ ತೋರಿಸಲು ಬಂದರು ಎಂದುಕೊಂಡೆ. ಆದರೂ ಗುರುವಾರ ಹೋಗಿ ಕುಳಿತೆ. ಮಾತು ಮೀರುವ ಧೈರ್ಯವಿಲ್ಲದ ವಿದ್ಯಾರ್ಥಿನಿಯಾಗಿದ್ದುದಕ್ಕೆ ಈಗ ದೇವರಿಗೆ ಕೈ ಮುಗಿಯುತ್ತೇನೆ.

ತಂದೆಯ ಪರಿಚಯದ ಒಬ್ಬರ ಅಡತಿ ಅಂಗಡಿ ಬ್ಯಾಡಗಿಯಲ್ಲಿತ್ತು. ರೈತರು ತಂದ ಕಾಯಿಯನ್ನು ಮಾರಿಸಿಕೊಡುವ ಅಂಗಡಿ. ನೀಲವ್ವ ಹೋಗುತ್ತಿದ್ದುದು ಬೇರೆ ಕಡೆ. ಹಿಂದಿನ ಅಂಗಳದಲ್ಲಿ ಎದೆಯೆತ್ತರದ ಕೆಂಪು ರಾಶಿ, ಸುತ್ತ ಇಪ್ಪತ್ತು ಹೆಂಗಸರು. ಕಾಯಿ ಎತ್ತು, ತೊಟ್ಟು ಮುರಿ, ಬುಟ್ಟಿಗೆ ಹಾಕು. ನಾನು ಹೋಗಿ ಕುಳಿತಾಗ ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು.

"ಅಕ್ಕೋರು ಪರೀಕ್ಷಾದಾಗ ನಪಾಸಾಗ್ಯಾರೇನ? ಇಲ್ಲಿಗೆ ಬಂದಾರಲ್ಲ" ಎಂದಳೊಬ್ಬಳು.

"ಮೂಗಿಗೆ ಸೆರಗು ಕಟ್ಟಿಕೋರಿ ಮೊದಲ. ಆಮ್ಯಾಲೆ ಪಾಸಾಗೂದು" ಎಂದಳು ಇನ್ನೊಬ್ಬಳು.

ಅರ್ಧ ಗಂಟೆಯಲ್ಲಿ ಕೆಮ್ಮು ಹತ್ತಿತು. ಕಣ್ಣು ಮೂಗು ಒಂದೇ ಸಮ ಸುರಿದವು. ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿ ಚುರುಗುಟ್ಟಲು ಶುರುವಾಗಿ, ಸಂಜೆಗೆ ಮಣಿಕಟ್ಟಿನವರೆಗೂ ಏರಿತು. ಅವರು ನಾಲ್ಕು ಬುಟ್ಟಿ ತುಂಬಿಸುವಲ್ಲಿ ನನ್ನದು ಒಂದು. ಉಳಿದವರು ಹಾಡುತ್ತ, ನಗುತ್ತ, ಅತ್ತೆಯಂದಿರನ್ನು ಬಯ್ಯುತ್ತ ಕೆಲಸ ಮುಗಿಸಿದರು. ಏಳುವಾಗ ನನ್ನ ಪಕ್ಕದವಳು, "ಮನೀಗೆ ಹೋಗಿ ಕಣ್ಣು ಗಿಣ್ಣು ಮುಟ್ಟಿಕೊಂಡೀರಿ, ಹುಷಾರು" ಎಂದಳು. ಮದುವೆಯಾಗದವಳೆಂದು ಮಕ್ಕಳ ಮಾತನ್ನು ಯಾರೂ ಎತ್ತಲಿಲ್ಲ. ಅಂಗಡಿಯಲ್ಲಿ ಸಾಬೂನು ಹಚ್ಚಿ ಕೈ ತೊಳೆದೆ. ಸ್ಟೇಶನ್ನಿನ ನಳದಲ್ಲಿ ಮತ್ತೊಮ್ಮೆ ತೊಳೆದೆ. ಒಗೆದ ಹಾಗೆ ಬೆಳ್ಳಗೆ ಕಾಣುತ್ತಿದ್ದವು.

ಮನೆಗೆ ಬಂದೆ. ಅಣ್ಣನ ಮಗಳು ಶಶಿಗೆ ಆಗ ಗೌರವ್ವನಷ್ಟೇ ವಯಸ್ಸು. ಬಾಗಿಲಲ್ಲಿ ನನ್ನನ್ನು ಕಂಡು ಕೈ ಚಾಚಿ ಓಡಿಬಂತು. ಎತ್ತಿಕೊಂಡೆ, ಎರಡೂ ಕೆನ್ನೆ ಹಿಡಿದು ಮುದ್ದಿಟ್ಟೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೂಸು ಉಸಿರು ಕಟ್ಟಿ, ಮುಖ ಕೆಂಪಾಗಿ, ಬೆಂಕಿ ತಾಗಿದ ಹಾಗೆ ಚೀರತೊಡಗಿತು. ಕಣ್ಣು ಉಜ್ಜಿಕೊಂಡು ಇನ್ನಷ್ಟು ಚೀರಿತು. ಶಶಿಯ ತಾಯಿ, ನನ್ನ ವೈನಿ, ಓಡಿಬಂದು ಕಿತ್ತುಕೊಂಡಳು. ಅವ್ವ ಕುಸುಬಿ ಎಣ್ಣೆ ತಂದು ಕೆನ್ನೆಗೆ ಹಚ್ಚಿ, ಹತ್ತಿ ಹಾಲಲ್ಲಿ ಅದ್ದಿ ಕಣ್ಣ ಮೇಲಿಟ್ಟಳು. ಕೂಸು ಬಿಕ್ಕುತ್ತ ಮಲಗುವ ತನಕ ನನ್ನ ಕಡೆ ತಿರುಗಲಿಲ್ಲ. ತಿರುಗಿದ ಮೇಲೆ ಹೇಳಿದಳು:

"ಮೆಣಸಿನಕಾಯಿ ಮುಟ್ಟಿದ ಕೈಲೆ ಕೂಸಿನ್ನ ಮುಟ್ಟತಾರೇನ, ಹುಚ್ಚಿ? ತೊಳದ್ರ ಹೋಗತದೇನ ಅದು? ಎಣ್ಣಿ ಹಚ್ಚಿ, ಮಜ್ಜಿಗ್ಯಾಗ ಇಟ್ಟು, ಮೈ ತೊಳದು, ಸೀರಿ ಬದಲಿಸಿ ಆಮ್ಯಾಲೆ ಎತ್ತಿಕೋಬೇಕು. ಬ್ಯಾಡಗಿ ಕೂಲಿಯವರಿಗೆ ಗೊತ್ತಿದ್ದದ್ದು ಬಿ.ಎ. ಆದವರಿಗೆ ಗೊತ್ತಿಲ್ಲಲ್ಲ."

ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಎರಡು ಹೆಜ್ಜೆ ಹಿಂದೆ ಸರಿದ ನೀಲವ್ವ, ಮೊಣಕಾಲಿನ ತಡೆ, ಹಿತ್ತಲಿಗೆ ಹೋಗುವ ಅವಸರ ಎಲ್ಲ ಕಣ್ಣ ಮುಂದೆ ಬಂತು. ಅವಳು ಹಿತ್ತಲಿಂದ ತಿರುಗಿ ಬರುವ ಹೊತ್ತಿಗೆ ನಾನು ಮೂರು ಸಲವೂ ರೈಲಿನಲ್ಲಿ ಕುಳಿತು ಅವಳಿಗೆ ಮಮತೆಯಿಲ್ಲ ಎಂದು ಬರೆಯುತ್ತಿದ್ದೆ.

ಶುಕ್ರವಾರ ಮೊದಲ ಗಾಡಿಗೆ ಹಾವೇರಿಗೆ ಹೋದೆ. ಗುಂಡೂರಾಯರು ಕೋರ್ಟಿಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದರು. ಅವರ ಮೇಜಿನ ಮೇಲೆಯೇ ಹೊಸದೊಂದು ಹಾಳೆ ತೆಗೆದುಕೊಂಡು, ಹಿಂದಿನ ವರದಿ ತಪ್ಪು, ತಾಯಿ ಕೂಸನ್ನು ದೂರ ಇಡುತ್ತಿದ್ದುದು ಕೂಸಿನ ರಕ್ಷಣೆಗೆ, ಇದು ನನ್ನ ಅಜ್ಞಾನದಿಂದ ಆದದ್ದು ಎಂದು ಬರೆದು ಸಹಿ ಮಾಡಿ ಕೊಟ್ಟೆ. ರಾಯರು ಎರಡು ಸಲ ಓದಿದರು. ಕೋಟಿನ ಒಂದು ತೋಳು ಹಾಗೇ ಜೋತಾಡುತ್ತಿತ್ತು.

"ಹೋದ ವಾರ ಖರೇ ಇದ್ದದ್ದು ಇವತ್ತ ಹೆಂಗ ಸುಳ್ಳಾತು?"

"ಅವತ್ತೂ ಸುಳ್ಳ ಇತ್ರಿ. ನನಗ ಇವತ್ತ ಗೊತ್ತಾತು."

"ಸಮಿತಿ ಮುಂದ ಓದೇನಿ ನಾನು. ಊರ ಮಂದಿಗೆ ಏನ್ ಹೇಳಲಿ?"

"ಹುಡುಗಿ ತಪ್ಪು ಮಾಡ್ಯಾಳ ಅಂತ ಹೇಳ್ರಿ."

"ನಿಮ್ಮ ಕಾಲೇಜಿಗೂ ಬರೀಬೇಕಾಗತದ. ನಿನ್ನ ಡಿಗ್ರಿ ಹೋಗಬಹುದು, ತಿಳೀತೇನು?"

"ಬರೀರಿ. ಆದ್ರ ಕೂಸಿನ್ನ ಇವತ್ತ ಕೊಡ್ರಿ" ಎಂದೆ. ಧೈರ್ಯದಿಂದ ಹೇಳಿದೆ ಎಂದು ತಿಳಿಯಬೇಡಿ. ಅಳು ಬಂದಿತ್ತು. ಉರಿಯುವ ಕೈಯಿಂದ ಕಣ್ಣೊರೆಸಿಕೊಳ್ಳಲೂ ಹೆದರಿ ಹಾಗೇ ನಿಂತಿದ್ದೆ. ರಾಯರು ಉರಿಗೆ ಕೆಂಪಾಗಿದ್ದ ನನ್ನ ಬೆರಳುಗಳನ್ನು ನೋಡಿದರು. ಇನ್ನೊಂದು ತೋಳನ್ನೂ ಕೋಟಿನೊಳಗೆ ತೂರಿಸಿ, ಕುಳಿತು, ಹೆಬ್ಬೆಟ್ಟಿನ ಕಾಗದ ತೆಗೆದು ಅಡ್ಡ ಗೆರೆ ಎಳೆದರು. "ತಪ್ಪು ನಿಂದೊಂದ ಅಲ್ಲ. ವಕೀಲ ಆಗಿ ನಾ ಆದರೂ ಎರಡನೇ ಸಾಕ್ಷಿ ಕೇಳಬೇಕಿತ್ತು. ಕರಕೊಂಡು ಹೋಗು" ಎಂದರು. ಅವತ್ತು ಅವರು ಕೋರ್ಟಿಗೆ ತಡವಾಗಿ ಹೋದರು.

ಡಿಗ್ರಿಯ ಕತೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ರಾಯರು ಕಾಲೇಜಿಗೆ ಬರೆದದ್ದು ನಿಜ. ಏನು ಬರೆದರೋ ನನಗೆ ತೋರಿಸಲಿಲ್ಲ. ಮುಂಬಯಿಗೆ ಮರಳಿದಾಗ ಮಾಲತಿಬಾಯಿ ನನ್ನ ಎರಡೂ ವರದಿಗಳನ್ನು ಪ್ರಬಂಧದಲ್ಲಿ ಹಾಗೆಯೇ ಸೇರಿಸಲು ಹೇಳಿದರು, ತಪ್ಪಾದದ್ದು ಮೊದಲು. "ಒಂದು ಅಕ್ಷರವನ್ನೂ ತಿದ್ದಬೇಡ" ಎಂದರು. ಮುಂದೆ ಬಹಳ ವರ್ಷ ಅವರು ಹೊಸ ವಿದ್ಯಾರ್ಥಿಗಳಿಗೆ ಅದನ್ನು ಓದಿಸುತ್ತಿದ್ದರಂತೆ, ನನ್ನ ಹೆಸರು ಮುಚ್ಚಿ. ಆ ಕಾರ್ಡಿಗೆ, ಆ ಮುಚ್ಚಿದ ಹೆಸರಿಗೆ, ನಾನು ಅವರಿಗೆ ಎಷ್ಟು ಋಣಿ ಎಂದು ಅವರಿದ್ದಾಗ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ನೌಕರಿಯ ಉದ್ದಕ್ಕೂ ನನ್ನ ಕೈಕೆಳಗೆ ಬಂದ ಹುಡುಗ ಹುಡುಗಿಯರಿಗೆ ನಾನು ಕಡ್ಡಾಯ ಮಾಡಿದ್ದು ಒಂದನ್ನೇ: ಯಾವ ಮನೆಗೇ ಹೋಗಲಿ, ಬೇರೆ ಬೇರೆ ಹೊತ್ತಿಗೆ ಹೋಗಬೇಕು. ಈಗ ಇಲಾಖೆಗೆ ಜೀಪು ಬಂದಿದೆ, ರೈಲಿನ ವೇಳೆಗೆ ಯಾರೂ ಓಡಬೇಕಾಗಿಲ್ಲ. ಆದರೂ ಆಫೀಸು ಬಿಡುವ ಹೊತ್ತಿಗೆ ಎಲ್ಲರ ಭೇಟಿಯೂ ಮುಗಿದಿರುತ್ತದೆ.

ಆ ಶುಕ್ರವಾರಕ್ಕೆ ಬರುತ್ತೇನೆ. ಸಂಸ್ಥೆಯ ಪಡಸಾಲೆಯಲ್ಲಿ ಗೌರವ್ವ ಶಿವಕ್ಕನ ಮಡಿಲಲ್ಲಿ ಕುಳಿತಿತ್ತು. ನನ್ನನ್ನು ಕಂಡದ್ದೇ ಮುಖ ತಿರುಗಿಸಿ ಅಳತೊಡಗಿತು. ಕರೆದುಕೊಂಡು ಬಂದವಳು ಯಾರೆಂದು ಅದಕ್ಕೆ ಚೆನ್ನಾಗಿ ನೆನಪಿತ್ತು. ನನ್ನ ಕೈಯಲ್ಲಿ ಇನ್ನೂ ಉರಿಯಿದ್ದುದರಿಂದ ಎತ್ತಿಕೊಳ್ಳಲು ಹೆದರಿ, ಶಿವಕ್ಕನನ್ನೇ ಜೊತೆಗೆ ಹೊರಡಿಸಿದೆ. ಬ್ಯಾಡಗಿ ತಲುಪಿದಾಗ ನಡುಮಧ್ಯಾಹ್ನ. ನೀಲವ್ವ ಕೆಲಸದಲ್ಲಿರುತ್ತಾಳೆ, ಅಂಗಡಿಗೆ ಹೇಳಿ ಕಳಿಸಬೇಕು ಎಂದುಕೊಂಡೇ ಓಣಿ ತಿರುಗಿದೆ.

ನೀಲವ್ವ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಒಗೆದ ಸೀರೆ, ಮೈಮೇಲೆ ಕೆಂಪು ಧೂಳಿನ ಗುರುತೇ ಇಲ್ಲ. ನಮ್ಮನ್ನು ಕಂಡು ಎದ್ದು, ಓಡಿಬಂದು, ಶಿವಕ್ಕನ ಕಂಕುಳಿಂದ ಕೂಸನ್ನು ಎರಡೂ ಕೈಯಿಂದ ಬಾಚಿಕೊಂಡಳು. ಗೌರವ್ವ ತಾಯಿಯ ಕೊರಳಿಗೆ ಬಿದ್ದು ಸುಮ್ಮನಾಯಿತು.

ಹುಸೇನಬಿ ಹೊರಗೆ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ರಾತ್ರಿ ಕೂಸು ಯಾರ ಮಗ್ಗಲಾಗ ಮಲಗತೈತಿ ಅಂತ ಕೇಳಲೇ ಇಲ್ಲಲ್ರಿ ಅಕ್ಕೋರ ನೀವು" ಎಂದಳು.

"ಇವತ್ತ ಕೆಲಸಕ್ಕ ಹೋಗಿಲ್ಲೇನ?" ಎಂದು ನೀಲವ್ವನನ್ನು ಕೇಳಿದೆ.

"ಸೋಮವಾರದಿಂದ ಹೋಗಿಲ್ರಿ. ನೀವು ಯಾವಾಗ ಕರಕೊಂಡು ಬರತೀರೋ ಗೊತ್ತಿಲ್ಲ. ಬಂದ ಕೂಡಲೇ ಎತ್ತಿಕೋಬೇಕಲ್ರಿ. ಅದಕ್ಕ ಕೈ ಸ್ವಚ್ಛ ಇಟಗೊಂಡು ಕುಂತೇನಿ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳೇ ಹೇಳಿದಳು: "ನಾಕು ದಿನಾ ಹಾಲು ಕುಡಿಸಿ ಕಳಸತಾರ, ಕೂಸು ಮೈ ತುಂಬಿಕೋತೈತಿ ಅಂತ ತಿಳದಿದ್ನಿರಿ. ಛಲೋ ನೋಡಿಕೊಂಡೀರಿ. ನಿಮ್ಮ ಉಪಕಾರ ಬಾಳ ಆತ್ರಿ."

ಸುಮ್ಮನೆ ಇದ್ದುಬಿಡಬಹುದಿತ್ತು. ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆ ಉಪಕಾರವನ್ನು ಹೊತ್ತುಕೊಂಡು ಮನೆಗೆ ಹೋಗುವುದು ನನ್ನಿಂದಾಗಲಿಲ್ಲ. ಅದು ನಾಲ್ಕು ದಿನದ ಕಾಗದವಲ್ಲ, ಹದಿನಾರು ವರ್ಷದವಳಾಗುವ ತನಕ ಕೂಸು ಅಲ್ಲೇ ಇರಬೇಕೆಂದು ಅದರಲ್ಲಿತ್ತು, ನಿನಗೆ ಮಗಳ ಮೇಲೆ ಮಾಯೆಯಿಲ್ಲ ಎಂದು ಬರೆದು ಹಾಗೆ ಮಾಡಿಸಿದವಳು ನಾನೇ ಎಂದು ಒಂದೂ ಬಿಡದೆ ಹೇಳಿದೆ.

ನೀಲವ್ವನ ಮುಖದ ಬಣ್ಣ ಹೋಯಿತು. ಕೂಸನ್ನು ನನ್ನ ಕಡೆಯಿದ್ದ ಸೊಂಟದಿಂದ ಆ ಕಡೆಯ ಸೊಂಟಕ್ಕೆ ಬದಲಿಸಿಕೊಂಡಳು. ಬಯ್ಯುತ್ತಾಳೆ, ಬಯ್ದರೆ ಎಷ್ಟೋ ಹಗುರಾಗುತ್ತದೆ ಎಂದು ನಾನು ಕಾದೆ. ಅವಳು ಮಗಳ ನೆತ್ತಿಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು:

"ತಿರುಗಿ ತಂದ್ರಲ್ರಿ."

ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಯಾರೂ ಅಷ್ಟು ದೊಡ್ಡದನ್ನು ಕೊಟ್ಟಿಲ್ಲ. ಅದಕ್ಕೆ ನಾನು ಯೋಗ್ಯಳಾಗಿರಲಿಲ್ಲ ಎಂಬುದು ಗೊತ್ತಿದ್ದೇ ತೆಗೆದುಕೊಂಡೆ.

ಕುಂದ್ರಿ ಎಂದಳು. ಕುಳಿತೆ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಬಂದವರಿಗೆ ಎರಡು ಕೈಯಿಂದ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಅವಳು ಒಂದೇ ಕೈಯಿಂದ ಕೊಟ್ಟಳು; ಇನ್ನೊಂದರಲ್ಲಿ ಮಗಳಿದ್ದಳು.